ಹಬ್ಬದ ಗಿಫ್ಟ್ ಪೇಪರ್: ಉಳಿದ ದಾಸ್ತಾನಿಗೆ ಕರಕುಶಲದ ದಾರಿ

ಡಿಸೆಂಬರ್ ತಿಂಗಳ ಕೊನೆಯ ವಾರ ಕಳೆದೊಡನೆ ಗಿಫ್ಟ್ ಪೇಪರ್ ವ್ಯಾಪಾರಿಯ ಮುಂದೆ ಒಂದು ಹಳೆಯ ಪ್ರಶ್ನೆ ಬಂದು ನಿಲ್ಲುತ್ತದೆ. ದೀಪಾವಳಿಗೂ ಕ್ರಿಸ್‌ಮಸ್‌ಗೂ ಎಂದು ತರಿಸಿದ ಒಳ್ಳೆಯ ದರ್ಜೆಯ ಕಾಗದದಲ್ಲಿ ಒಂದು ಪಾಲು ಸುರುಳಿ ಬಿಚ್ಚದೆಯೇ ಉಳಿದಿರುತ್ತದೆ. ಅಗ್ಗದ ಕಾಗದವಾದರೆ ಅರ್ಧ ಬೆಲೆಗೆ ಬಿಟ್ಟು ಕೈ ತೊಳೆದುಕೊಳ್ಳಬಹುದು. ಆದರೆ ಸಾಂಗಾನೇರಿನ ಕೈಕಾಗದಕ್ಕೋ, ಚಿನ್ನದ ಬಣ್ಣದ ಅಚ್ಚಿರುವ ದಪ್ಪ ಕಾಗದಕ್ಕೋ ಹಾಕಿದ ಬಂಡವಾಳವನ್ನು ಹಾಗೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಮುಂದಿನ ವರ್ಷಕ್ಕೆಂದು ಇಟ್ಟರೆ ಮಳೆಗಾಲದ ತೇವ, ಕಾಗದದ ಹುಳು, ಬದಲಾಗುವ ಅಭಿರುಚಿ ಇವು ಮೂರೂ ಸೇರಿ ಅದರ ಬೆಲೆಯನ್ನು ತಿನ್ನುತ್ತವೆ. ಇಂತಹ ಕಾಗದವನ್ನು ಸುತ್ತುವ ಕೆಲಸಕ್ಕಷ್ಟೇ ಮೀಸಲಿಡದೆ ಲಕೋಟೆ, ಪೆಟ್ಟಿಗೆ, ಪುಸ್ತಕದ ರಟ್ಟು ಮುಂತಾದ ಕರಕುಶಲ ವಸ್ತುಗಳಿಗೆ ಹೇಗೆ ಬಳಸಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಚರಿತ್ರೆಯನ್ನು ಹೇಳುವುದು ಉಚಿತ. ಇಂದು ನಾವು ಕಾಣುವ ಚಿತ್ತಾರದ ಗಿಫ್ಟ್ ಪೇಪರ್ ಮಾರುಕಟ್ಟೆಗೆ ಬಂದದ್ದೇ ಇಂತಹ ಅದಲುಬದಲಿನಿಂದ. 1917ರ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತಲು ಬಳಸುತ್ತಿದ್ದ ತೆಳುವಾದ ಟಿಶ್ಯೂ ಕಾಗದ ಖಾಲಿಯಾಯಿತು. ಬೇರೆ ದಾರಿ ಕಾಣದೆ ರೋಲಿ ಹಾಲ್ ಅವರು ಲಕೋಟೆಗಳ ಒಳಗೆ ಅಂಟಿಸಲೆಂದು ಫ್ರಾನ್ಸಿನಿಂದ ತರಿಸಿದ್ದ ಅಲಂಕಾರದ ಕಾಗದವನ್ನೇ ತಂದು ಹಾಳೆಗೆ 10 ಸೆಂಟ್‌ನಂತೆ ಮಾರಾಟಕ್ಕಿಟ್ಟರು. ಅದೂ ಬೇಗನೆ ಮುಗಿದುಹೋಯಿತು. ಮುಂದಿನ ವರ್ಷಗಳಲ್ಲಿಯೂ ಬೇಡಿಕೆ ಬಂದುದರಿಂದ ಸಹೋದರರು ಸುತ್ತುವ ಕಾಗದವನ್ನು ತಾವೇ ಅಚ್ಚು ಹಾಕತೊಡಗಿದರು. ಮುಂದೆ ಹಾಲ್‌ಮಾರ್ಕ್ ಎಂದು ಹೆಸರಾದ ಸಂಸ್ಥೆ ಇದೇ. ಲಕೋಟೆಯ ಕಾಗದ ಅಂದು ಹೊದಿಕೆಯ ಕಾಗದವಾಯಿತು; ಉಳಿದ ಹೊದಿಕೆಯ ಕಾಗದವನ್ನು ಲಕೋಟೆಯಾಗಿಸುವುದು ಅದೇ ದಾರಿಯಲ್ಲಿ ಹಿಂದಕ್ಕೆ ನಡೆದಂತೆ.

ಕಾಗದವನ್ನು ಅರಿಯುವುದು

ಎಲ್ಲ ಗಿಫ್ಟ್ ಪೇಪರ್ ಕರಕುಶಲಕ್ಕೆ ಒದಗುವುದಿಲ್ಲ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಅಂದರೆ ಜಿ.ಎಸ್.ಎಂ., ಇಲ್ಲಿ ಮೊದಲ ಅಳತೆ. 60 ಜಿ.ಎಸ್.ಎಂ.ಗಿಂತ ತೆಳುವಾದುದು ಅಂಟು ತಗುಲಿದೊಡನೆ ಸುಕ್ಕಾಗುತ್ತದೆ, ಅಡಿಯ ರಟ್ಟಿನ ಬಣ್ಣವೂ ಮೇಲಕ್ಕೆ ಕಾಣುತ್ತದೆ. 80ರಿಂದ 120ರವರೆಗಿನ ಕಾಗದ ಲಕೋಟೆಗೂ ರಟ್ಟಿನ ಹೊದಿಕೆಗೂ ಹೊಂದುತ್ತದೆ. ಕಿಲೋ ಲೆಕ್ಕದಲ್ಲಿ ಕೊಳ್ಳುವವರು ನೆನಪಿಡಬಹುದಾದ ಒಂದು ಅಂಕಿ ಇದೆ: 50 ಸೆಂ.ಮೀ. ಅಗಲ, 75 ಸೆಂ.ಮೀ. ಉದ್ದದ ಹಾಳೆ 80 ಜಿ.ಎಸ್.ಎಂ.ನಲ್ಲಿ 30 ಗ್ರಾಂ ತೂಗುತ್ತದೆ. ಅಂದರೆ ಒಂದು ಕಿಲೋಗೆ 33 ಹಾಳೆ ಬರಬೇಕು. ಕಡಿಮೆ ಬಂದರೆ ಕಾಗದ ದಪ್ಪವಾಗಿದೆ, ಹೆಚ್ಚು ಬಂದರೆ ತೆಳುವಾಗಿದೆ ಎಂದು ತಿಳಿಯಬಹುದು.

ಎರಡನೆಯದು ಮೇಲ್ಮೈ. ಪ್ಲಾಸ್ಟಿಕ್ ಪದರ ಹೊದಿಸಿದ ಹೊಳಪಿನ ಕಾಗದಕ್ಕೆ ನೀರಿನ ಅಂಟು ಹಿಡಿಯುವುದಿಲ್ಲ. ಮಡಿಕೆ ಹಾಕಿದಲ್ಲಿ ಪದರ ಬಿರಿದು ಬಿಳಿಯ ಗೆರೆ ಕಾಣುತ್ತದೆ. ಪರೀಕ್ಷೆ ಸುಲಭ. ಒಂದು ತುಂಡನ್ನು ಮುಷ್ಟಿಯಲ್ಲಿ ಮುದುರಿ ಬಿಡಿ. ಮುದುರಿದಂತೆಯೇ ಉಳಿದರೆ ಬಹುಮಟ್ಟಿಗೆ ಅದು ಕಾಗದ; ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ. ಇಂತಹ ಕಾಗದವನ್ನೂ ಮಿನುಗುಪುಡಿ ಅಂಟಿಸಿದ ಕಾಗದವನ್ನೂ ರದ್ದಿಯವರು ಮರುಬಳಕೆಗೆ ಒಯ್ಯಲು ಹಿಂಜರಿಯುತ್ತಾರೆ ಎಂಬುದೂ ಗಮನಾರ್ಹ. ಕೊಳ್ಳುವಾಗಲೇ ಇದನ್ನು ನೋಡಿಕೊಂಡರೆ ಉಳಿಕೆ ಪೂರ್ತಿ ನಷ್ಟವಾಗುವುದಿಲ್ಲ.

ಮೂರನೆಯದು, ಹೆಚ್ಚಿನವರು ಕಡೆಗಣಿಸುವಂಥದು, ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಸುರುಳಿಯ ಉದ್ದಕ್ಕೆ ಮಲಗಿರುತ್ತವೆ. ಅಂಟಿನ ತೇವಕ್ಕೆ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ಬಿಲ್ಲಿನಂತೆ ಎಳೆಯುತ್ತದೆ. ಈ ಲೇಖಕನೇ ಒಮ್ಮೆ ಹಾಳೆ ಉಳಿಸುವ ಆಸೆಯಿಂದ ನಾರಿನ ದಿಕ್ಕನ್ನು ನೋಡದೆ ಅಡ್ಡ ಕತ್ತರಿಸಿ ನೋಟ್ ಪುಸ್ತಕಗಳ ಹೊದಿಕೆ ಮಾಡಿಸಿದ್ದುಂಟು. ಸಂಜೆ ನೇರವಾಗಿದ್ದ ಪುಸ್ತಕಗಳು ಬೆಳಗಾಗುವಷ್ಟರಲ್ಲಿ ಬಾಯಿ ತೆರೆದುಕೊಂಡು ಕುಳಿತಿದ್ದವು. ಉಳಿಸಿದ ಹಾಳೆಗಿಂತ ಕೆಟ್ಟ ರಟ್ಟಿನ ಬೆಲೆಯೇ ಹೆಚ್ಚಾಯಿತು. ಪುಸ್ತಕದಲ್ಲಿ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು. ಪೆಟ್ಟಿಗೆಯಲ್ಲಿ ಉದ್ದದ ಬದಿಗೆ ಸಮಾನಾಂತರವಾಗಿರಬೇಕು. ಬಿಡಿ ಹಾಳೆಯಲ್ಲಿ ದಿಕ್ಕು ತಿಳಿಯದಿದ್ದರೆ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಬೇಕು. ಯಾವ ಕಡೆಗೆ ಸುಲಭವಾಗಿ ಬಾಗುತ್ತದೆಯೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಚೌಕಟ್ಟಿನಲ್ಲಿ ಎತ್ತಿ ತೆಗೆದ ಕೈಕಾಗದದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಈ ತೊಂದರೆ ಅತ್ಯಲ್ಪ. ಹತ್ತಿಬಟ್ಟೆಯ ಚೂರುಗಳಿಂದ ಮಾಡುವ ಸಾಂಗಾನೇರಿನ ಕಾಗದವಾಗಲಿ, 1959ರಿಂದ ಪುದುಚೇರಿಯ ಅರವಿಂದಾಶ್ರಮದ ಘಟಕದಲ್ಲಿ ತಯಾರಾಗುತ್ತಿರುವ ಕಾಗದವಾಗಲಿ ಬೈಂಡಿಂಗ್ ಕೆಲಸಕ್ಕೆ ಮೆಚ್ಚುಗೆಯಾಗಲು ಇದೂ ಒಂದು ಕಾರಣ.

ಮುಯ್ಯಿಯ ಲಕೋಟೆ

ನಮ್ಮ ನಾಡಿನಲ್ಲಿ ಉಳಿಕೆ ಕಾಗದಕ್ಕೆ ಅತ್ಯಂತ ಖಚಿತವಾದ ಮಾರುಕಟ್ಟೆ ಯಾವುದೆಂದರೆ ಮದುವೆ ಮುಂಜಿಗಳಲ್ಲಿ ಮುಯ್ಯಿ ಕೊಡುವ ಲಕೋಟೆ. 101, 501 ಎಂದು ಮೇಲೊಂದು ರೂಪಾಯಿ ಸೇರಿಸಿ ಕೊಡುವ ಪದ್ಧತಿ ಇರುವವರೆಗೆ, ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿದ ಲಕೋಟೆಗೆ ಬೇಡಿಕೆ ತಪ್ಪದು. ಜನವರಿಯ ಉಳಿಕೆ ಬೇಸಿಗೆಯ ಲಗ್ನಗಳ ಹೊತ್ತಿಗೆ ಸರಕಾಗಿ ಸಿದ್ಧವಾಗಬಹುದು.

ಇಲ್ಲಿ ಲಾಭವಿರುವುದು ಕತ್ತರಿಯ ಲೆಕ್ಕದಲ್ಲಿ. 9 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರದ ಲಕೋಟೆಯನ್ನು ತೆಗೆದುಕೊಳ್ಳೋಣ. ಮುಂಭಾಗ, ಹಿಂಭಾಗ, ಅಂಟಿಸಲು ಒಂದೂವರೆ ಸೆಂ.ಮೀ. ಸೇರಿ ಅಗಲ 19.5 ಆಗುತ್ತದೆ. ಎತ್ತರಕ್ಕೆ ಕೆಳಗಿನ ಮಡಿಕೆ ಒಂದೂವರೆ, ಮೇಲಿನ ಮುಚ್ಚಳ ಮೂರು ಸೇರಿ 22.5. 50ಕ್ಕೆ 75ರ ಹಾಳೆಯಲ್ಲಿ ಇಂತಹವು ಆರು ಮಾತ್ರ ಬರುತ್ತವೆ. ಉದ್ದದ ಕಡೆ 16.5 ಸೆಂ.ಮೀ. ವ್ಯರ್ಥ. ಅದೇ ಲಕೋಟೆಯ ಅಗಲವನ್ನು 8.5ಕ್ಕೆ ಇಳಿಸಿದರೆ ತುಂಡಿನ ಅಗಲ 18.5 ಆಗಿ ನಾಲ್ಕು ತುಂಡು 74 ಸೆಂ.ಮೀ.ಗಳಲ್ಲಿ ಕೂರುತ್ತವೆ. ಎರಡು ಸಾಲಿಗೆ ಎಂಟು. ಅರ್ಧ ಸೆಂಟಿಮೀಟರ್ ಬಿಟ್ಟುಕೊಟ್ಟದ್ದಕ್ಕೆ ಹಾಳೆಗೆ ಎರಡು ಲಕೋಟೆ ಹೆಚ್ಚು. ಈಗ ಚಲಾವಣೆಯಲ್ಲಿರುವ 500 ರೂಪಾಯಿಯ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲವಿರುವುದರಿಂದ ಗ್ರಾಹಕನಿಗೆ ಇಕ್ಕಟ್ಟಾಗುವುದಿಲ್ಲ. ಇನ್ನು ಹಾಳೆಯ ಅಂಚಿನಲ್ಲಿ ಉಳಿಯುವ 5 ಸೆಂ.ಮೀ. ಪಟ್ಟಿಯನ್ನು 15 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ ಐದು ಪುಟಗುರುತುಗಳು ದೊರೆಯುತ್ತವೆ. ಇವನ್ನು ದಪ್ಪ ಕಾಗದಕ್ಕೆ ಅಂಟಿಸಿ, ತುದಿಗೆ ತೂತು ಹಾಕಿ ದಾರ ಕಟ್ಟಿದರೆ ಉಡುಗೊರೆಯ ಹೆಸರುಚೀಟಿಯೂ ಆಗುತ್ತದೆ.

ಇಲ್ಲಿ ಚಿತ್ತಾರದ ಪ್ರಶ್ನೆ ಎದುರಾಗುತ್ತದೆ. ಸಾಂತಾ ಕ್ಲಾಸ್ ಚಿತ್ರವಿರುವ ಕಾಗದದ ಲಕೋಟೆಯನ್ನು ಏಪ್ರಿಲ್ ತಿಂಗಳ ಲಗ್ನದಲ್ಲಿ ಯಾರೂ ಕೊಳ್ಳಲಾರರು. ಅಂತಹ ಕಾಗದವನ್ನು ಲಕೋಟೆಯ ಒಳಪದರಕ್ಕೆ ಬಳಸಿ ಹೊರಗೆ ಒಂದೇ ಬಣ್ಣದ ಕಾಗದವಿಡಬಹುದು, ಇಲ್ಲವೆ ಸಣ್ಣ ಪಟ್ಟಿಗಳಾಗಿ ಕತ್ತರಿಸಬಹುದು. ಸಣ್ಣದಾಗಿ ಕತ್ತರಿಸಿದಾಗ ಹಾಲಿ ಗಿಡದ ಎಲೆ ಬರಿಯ ಹಸಿರು ಎಲೆಯಾಗಿ ಕಾಣುತ್ತದೆ, ಹಬ್ಬದ ಗುರುತು ಮಾಯವಾಗುತ್ತದೆ. ಆದರೂ ನಮ್ಮ ಅಭಿಪ್ರಾಯದಲ್ಲಿ ಈ ಸಮಸ್ಯೆಗೆ ನಿಜವಾದ ಉತ್ತರವಿರುವುದು ಖರೀದಿಯ ವೇಳೆಯಲ್ಲಿ. ದಾಸ್ತಾನಿನ ಹೆಚ್ಚಿನ ಪಾಲು ಕೆಂಪು, ಹಸಿರು, ಚಿನ್ನದ ಬಣ್ಣದ ಪಟ್ಟೆ, ಚುಕ್ಕೆ, ನಕ್ಷತ್ರ, ಬಳ್ಳಿಗಳಿರುವ ಕಾಗದವಾಗಿದ್ದರೆ ಅದು ದೀಪಾವಳಿಗೂ ಸಲ್ಲುತ್ತದೆ, ಕ್ರಿಸ್‌ಮಸ್‌ಗೂ ಸಲ್ಲುತ್ತದೆ, ಮದುವೆಗೂ ಸಲ್ಲುತ್ತದೆ.

ರಟ್ಟಿನ ಪೆಟ್ಟಿಗೆ ಮತ್ತು ಪುಸ್ತಕ

ಸಿಹಿತಿಂಡಿ, ಒಣಹಣ್ಣುಗಳ ಪೆಟ್ಟಿಗೆ ಮಾಡುವವರಿಗೆ 2022ರ ಜುಲೈ 1ರಿಂದ ಒಂದು ಬದಲಾವಣೆ ಬಂದಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದ ಕೇಂದ್ರ ಸರ್ಕಾರದ ನಿಯಮದಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಹಾಗೂ ಆಮಂತ್ರಣ ಪತ್ರಿಕೆಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಆ ಹೊಳಪಿನ ಹಾಳೆಯ ಜಾಗದಲ್ಲಿ ಚಿತ್ತಾರದ ಕಾಗದದ ಪಟ್ಟಿಯೊಂದನ್ನು ಪೆಟ್ಟಿಗೆಯ ಸುತ್ತ ತೊಡಿಸುವುದು ಸರಳವಾದ ಉಪಾಯ. ಆದರೆ ಒಂದು ಎಚ್ಚರಿಕೆ ಅಗತ್ಯ. ಆಹಾರ ಪ್ಯಾಕಿಂಗ್ ಕುರಿತ 2018ರ ನಿಯಮಾವಳಿಯಂತೆ ಅಚ್ಚಾದ ಮೇಲ್ಮೈ ಆಹಾರಕ್ಕೆ ನೇರವಾಗಿ ತಗುಲಬಾರದು. ಆದ್ದರಿಂದ ಗಿಫ್ಟ್ ಪೇಪರ್ ಪೆಟ್ಟಿಗೆಯ ಹೊರಮೈಗೆ ಮಾತ್ರ. ಒಳಗೆ ಹಾಸಲು ಆಹಾರಕ್ಕೆ ಯೋಗ್ಯವಾದ ಬೇರೆ ಕಾಗದವೇ ಬೇಕು.

ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹೊದಿಸುವಾಗ ಸುತ್ತಲೂ ಒಂದೂವರೆ ಸೆಂ.ಮೀ. ಕಾಗದವನ್ನು ಒಳಕ್ಕೆ ಮಡಿಸಲು ಬಿಡಬೇಕು. ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಗೆ ತಾಗಿಸಿ ಕತ್ತರಿಸಿದರೆ ಮೂಲೆ ಬಿಳಿಯಾಗಿ ಬಾಯಿಬಿಡುತ್ತದೆ. ರಟ್ಟಿನ ದಪ್ಪದ ಒಂದೂವರೆ ಪಟ್ಟು ದೂರ ಬಿಟ್ಟು ಕತ್ತರಿಸಬೇಕು. ಅಂಟಿನ ವಿಷಯದಲ್ಲಿ ನಮ್ಮ ಹಳೆಯ ಬೈಂಡರುಗಳ ಜಾಣ್ಮೆ ಇಂದಿಗೂ ಸಲ್ಲುವಂಥದು. ಮೈದಾ ಹಿಟ್ಟಿನ ಸರಿ ನಿಧಾನವಾಗಿ ಒಣಗುವುದರಿಂದ ಕಾಗದವನ್ನು ಸರಿಸಿ ಹೊಂದಿಸಲು ಸಮಯ ಸಿಗುತ್ತದೆ. ಹುಳು ಬಾರದಂತೆ ಅವರು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಮೈಲುತುತ್ತ ವಿಷವಾದುದರಿಂದ ತಿಂಡಿಯ ಪೆಟ್ಟಿಗೆಗೂ ಮಕ್ಕಳ ವಸ್ತುಗಳಿಗೂ ಅದನ್ನು ಸರ್ವಥಾ ಬಳಸಬಾರದು. ಬಿಳಿಯ ಪಿ.ವಿ.ಎ. ಅಂಟು ಬೇಗ ಹಿಡಿಯುತ್ತದೆ, ನೀರಿನಂಶ ಕಡಿಮೆ, ಕಾಗದ ಅಷ್ಟಾಗಿ ಹಿಗ್ಗುವುದಿಲ್ಲ. ಆದರೆ ತಪ್ಪಾದರೆ ತಿದ್ದಲು ಆಗದು. ಎರಡನ್ನೂ ಬೆರೆಸಿ ಬಳಸುವವರಿದ್ದಾರೆ. ಹೊಸಬರಿಗೆ ಅದೇ ಮೇಲು.

ರಟ್ಟಿನ ಒಂದು ಬದಿಗೆ ಕಾಗದ ಅಂಟಿಸಿದರೆ ಇನ್ನೊಂದು ಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಲೇಬೇಕು. ಇಲ್ಲವಾದರೆ ಎಳೆತ ಒಂದೇ ಕಡೆಗಾಗಿ ರಟ್ಟು ಬಾಗುತ್ತದೆ. ಪುಸ್ತಕದ ರಟ್ಟಿನ ಒಳಮೈಗೆ ಅಂಟಿಸುವ ಹಾಳೆ ಬರಿಯ ಅಂದಕ್ಕಲ್ಲ, ಈ ಎಳೆತವನ್ನು ಸರಿದೂಗಿಸುವುದಕ್ಕೆ. ಇಟಲಿಯ ಫ್ಲಾರೆನ್ಸಿನಲ್ಲಿ ಅಚ್ಚಾಗುವ ಚಿತ್ತಾರದ ಕಾಗದವಾಗಲಿ ಜಪಾನಿನ ಚಿಯೋಗಾಮಿಯಾಗಲಿ ಹೊದಿಕೆ ಕಾಗದವೆಂದೂ ಬೈಂಡಿಂಗ್ ಕಾಗದವೆಂದೂ ಏಕಕಾಲಕ್ಕೆ ಮಾರಾಟವಾಗುತ್ತವೆ. ಬೆನ್ನಿಗೆ ಕ್ಯಾಲಿಕೊ ಬಟ್ಟೆ, ರಟ್ಟಿನ ಮೇಲೆ ಚಿತ್ತಾರದ ಕಾಗದ ಹಾಕುವ ವಿಧಾನ ನಮ್ಮ ಬೈಂಡರುಗಳಿಗೆ ಹೊಸದಲ್ಲ. ಕಾಗದ ಹೆಚ್ಚು ಸವೆಯುವ ಬೆನ್ನಿನಲ್ಲಿ ಬಟ್ಟೆ ಇರುವುದರಿಂದ ಪುಸ್ತಕ ಬಾಳಿಕೆ ಬರುತ್ತದೆ, ಕಾಗದವೂ ಕಡಿಮೆ ಸಾಕು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜಿಸುವ ವರ್ತಕ ಮನೆತನಗಳು ಕಂಪ್ಯೂಟರ್ ಬಂದ ಮೇಲೂ ಒಂದು ಪುಸ್ತಕವನ್ನಾದರೂ ಕೊಳ್ಳುತ್ತವೆ. ಪೂಜೆಗೆ ಇಡುವ ಪುಸ್ತಕ ಚೆಂದವಾಗಿರಲೆಂದು ಬಯಸುತ್ತವೆ. ಬೆಂಗಳೂರಿನ ಸುಲ್ತಾನ್‌ಪೇಟೆಯಂತಹ ಕಾಗದದ ಪೇಟೆಗಳಲ್ಲಿ ಆಮಂತ್ರಣ ಪತ್ರಿಕೆಯ ಜೊತೆಗೆ ಇಂತಹ ಪುಸ್ತಕವನ್ನೂ ಪೆಟ್ಟಿಗೆಯನ್ನೂ ಹೊಂದಿಸಿ ಕೊಟ್ಟರೆ ಗ್ರಾಹಕರು ಬೇಡವೆನ್ನಲಾರರು.

ಗೂಡುದೀಪ

ಕರಾವಳಿಯ ಗೂಡುದೀಪಕ್ಕೆ ಬಿದಿರಿನ ಕಡ್ಡಿಯ ಚೌಕಟ್ಟು, ಅದರ ಮೇಲೆ ಬಣ್ಣದ ಕಾಗದ. ದಪ್ಪನೆಯ ಗಿಫ್ಟ್ ಪೇಪರ್ ಬೆಳಕನ್ನು ತಡೆಯುವುದರಿಂದ ಇಡೀ ದೀಪಕ್ಕೆ ಅದನ್ನು ಅಂಟಿಸಿದರೆ ಒಳಗೆ ದೀಪವಿದ್ದೂ ಇಲ್ಲದಂತೆ. ಮೈಗೆ ತೆಳುವಾದ ಕಾಗದವನ್ನೇ ಇಟ್ಟು, ಅಂಚಿನ ಪಟ್ಟಿ, ಮೂಲೆಯ ಹೂ, ಕೆಳಗೆ ಇಳಿಬಿಡುವ ಬಾಲಗಳಿಗೆ ಹೊಳಪಿನ ಕಾಗದ ಬಳಸುವುದು ಸರಿ. ಕ್ರಿಸ್‌ಮಸ್ ನಕ್ಷತ್ರಕ್ಕೂ ಇದೇ ಮಾತು. ಅಲ್ಲಿ ದಪ್ಪ ಕಾಗದದಲ್ಲಿ ಸಣ್ಣ ಸಣ್ಣ ಕಿಂಡಿಗಳನ್ನು ಕೊರೆದು ಹಿಂದೆ ತೆಳುಕಾಗದ ಅಂಟಿಸುವುದೂ ಉಂಟು. ಬಲ್ಬಿನ ವಿಷಯದಲ್ಲಿ ಎಲ್.ಇ.ಡಿ. ಅಲ್ಲದೆ ಬೇರೆ ಯಾವುದನ್ನೂ ಸೂಚಿಸಬಾರದು. ಹಳೆಯ ತಂತಿಯ ಬಲ್ಬಿನ ಕಾವು ಕಾಗದವನ್ನು ಕಂದಿಸುತ್ತದೆ, ಬೆಂಕಿಗೂ ಕಾರಣವಾಗಬಹುದು. ಚೌಕಟ್ಟನ್ನೂ ಕತ್ತರಿಸಿದ ಕಾಗದವನ್ನೂ ಒಂದೇ ಪೊಟ್ಟಣದಲ್ಲಿಟ್ಟು ಮಾಡುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟರೆ ಶಾಲೆಗಳು ಕೊಳ್ಳುತ್ತವೆ. ಸಿದ್ಧ ದೀಪಕ್ಕಿಂತ ಇದರ ಸಾಗಣೆಯೂ ಸುಲಭ, ಜಾಗವೂ ಕಡಿಮೆ ಸಾಕು.

ಫೋಟೋ ಚೌಕಟ್ಟು, ಪೆನ್ ಡಬ್ಬಿ, ಕಪಾಟಿನ ಅರೆಗಳಿಗೆ ಹಾಸುವ ಕಾಗದ ಮುಂತಾದವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅವು ಸಣ್ಣ ತುಂಡುಗಳನ್ನು ಮುಗಿಸಲು ಒಳ್ಳೆಯವು, ಆದರೆ ಅವುಗಳನ್ನೇ ನಂಬಿ ಕೆಲಸಗಾರರನ್ನು ಇಟ್ಟುಕೊಳ್ಳುವಂತಿಲ್ಲ.

ದಾಸ್ತಾನು ಮತ್ತು ತೆರಿಗೆ

ಸುರುಳಿಗಳನ್ನು ನೆಲದ ಮೇಲಿಡದೆ, ಹೊರಗೋಡೆಗೆ ತಾಗಿಸದೆ, ಬಿಸಿಲು ಬೀಳದ ಅಟ್ಟಣಿಗೆಯಲ್ಲಿ ಮಲಗಿಸಿಡಬೇಕು. ಲಕೋಟೆ, ಪೆಟ್ಟಿಗೆಗಳಿಗೆ ಕತ್ತರಿಸುವ ಹಿಂದಿನ ದಿನವೇ ಹಾಳೆಗಳನ್ನು ಬಿಚ್ಚಿ ಭಾರವಿಟ್ಟರೆ ಸುರುಳಿಯ ಬಾಗು ಹೋಗುತ್ತದೆ. ಗಾಢ ಕೆಂಪು ಮತ್ತು ನೀಲಿ ಬಣ್ಣದ ಕಾಗದವನ್ನು ಒದ್ದೆ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡುವುದು ಒಳ್ಳೆಯದು. ಬೆವರಿನ ಕೈಗೆ ಬಣ್ಣ ಹತ್ತಿದ ಲಕೋಟೆ ಮದುವೆಮನೆಯಿಂದ ಅಂಗಡಿಗೆ ದೂರಾಗಿ ಮರಳುತ್ತದೆ.

ಕೊನೆಯದಾಗಿ ತೆರಿಗೆಯ ವಿಚಾರ. ಕಾಗದವನ್ನು ಕತ್ತರಿಸಿ ಬೇರೆ ವಸ್ತುವಾಗಿಸಿದೊಡನೆ ಅದರ ಎಚ್.ಎಸ್.ಎನ್. ಶೀರ್ಷಿಕೆಯೂ ಬದಲಾಗುತ್ತದೆ. ಲಕೋಟೆ 4817ರಲ್ಲಿ, ಪೆಟ್ಟಿಗೆ ಮತ್ತು ಕಾಗದದ ಚೀಲ 4819ರಲ್ಲಿ, ಲೆಕ್ಕದ ಪುಸ್ತಕ, ನೋಟ್ ಪುಸ್ತಕ, ಆಲ್ಬಮ್ಮುಗಳು 4820ರಲ್ಲಿ ಬರುತ್ತವೆ. ಕಾಗದದ ವಸ್ತುಗಳ ಜಿ.ಎಸ್.ಟಿ. ದರಗಳು 2025ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತವಾಗಿರುವುದರಿಂದ, ಕೊಂಡ ಕಾಗದದ ದರವೂ ಮಾರುವ ವಸ್ತುವಿನ ದರವೂ ಒಂದೇ ಎಂದು ಭಾವಿಸದೆ, ಬೆಲೆ ನಿಗದಿ ಮಾಡುವ ಮುನ್ನ ತಮ್ಮ ಲೆಕ್ಕಪರಿಶೋಧಕರಿಂದ ಎರಡನ್ನೂ ಖಚಿತಪಡಿಸಿಕೊಳ್ಳತಕ್ಕದ್ದು.