ಕಪ್ಪು ಬಣ್ಣದ ಬೆಳಕು: ಪಿಯರ್ ಸೂಲಾಜ್ ಅವರ ಉತ್ತರಕಾಲದ ಚಿತ್ರಗಳು

ಕಪ್ಪೆಂದರೆ ಬೆಳಕಿನ ಅಭಾವ ಎಂಬುದು ಭೌತಶಾಸ್ತ್ರದ ಮೊದಲ ಪಾಠ. ವರ್ಣದ್ರವ್ಯದ ಮಟ್ಟಿಗೆ ಇದು ಅರ್ಧಸತ್ಯ. ಕಪ್ಪು ಕಣಗಳು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುತ್ತವೆ, ನಿಜ. ಆದರೆ ಅವುಗಳನ್ನು ಹಿಡಿದಿಟ್ಟಿರುವ ಎಣ್ಣೆಯ ಹೊರಪದರವು ನುಣುಪಾಗಿದ್ದರೆ, ಬೆಳಕಿನ ಒಂದಂಶವು ಒಳಹೋಗುವ ಮೊದಲೇ ಕನ್ನಡಿಯಿಂದ ಮರಳುವಂತೆ ಮರಳುತ್ತದೆ. ಬೆಳಕು ಓರೆಯಾಗಿ ಬಿದ್ದಷ್ಟೂ ಮರಳುವ ಪಾಲು ಹೆಚ್ಚು. ಫ್ರಾನ್ಸಿನ ಅಮೂರ್ತ ಚಿತ್ರಕಾರ ಪಿಯರ್ ಸೂಲಾಜ್ (1919-2022) ಅವರ ಉತ್ತರಕಾಲದ ಸಾಧನೆಯು ಬಹುಮಟ್ಟಿಗೆ ಈ ಹೊರಪದರವನ್ನೇ ಅವಲಂಬಿಸಿದೆ.

1979ಕ್ಕೆ ಮುನ್ನವೂ ಅವರಲ್ಲಿ ಕಪ್ಪು ಪ್ರಧಾನವಾಗಿತ್ತು. ಆಗ ಅದು ತಿಳಿಯಾದ ಹಿನ್ನೆಲೆಗೆ ಎದುರಾಗಿ ನಿಂತ ಕಪ್ಪು. ಆ ವರ್ಷದಿಂದ ಕ್ಯಾನ್ವಾಸಿನ ಉದ್ದಗಲವನ್ನೆಲ್ಲ ಕಪ್ಪೇ ಆವರಿಸಿತು. ದಪ್ಪವಾಗಿ ಬಳಿದ ಬಣ್ಣವನ್ನು ಕುಂಚದಿಂದಲೂ ಅಲಗಿನಂಥ ಸಾಧನಗಳಿಂದಲೂ ಗೀರಿದಾಗ ಸಾಲುಸಾಲಾಗಿ ಏಣುಗಳು ಏಳುತ್ತವೆ. ಪ್ರತಿ ಏಣಿನ ಒಂದು ಮಗ್ಗುಲು ಬೆಳಗಿದರೆ ಇನ್ನೊಂದು ಮುಳುಗುತ್ತದೆ. ನೋಡುಗನು ನಾಲ್ಕು ಹೆಜ್ಜೆ ಸರಿದರೆ ಈ ಕ್ರಮವೇ ಬದಲಾಗುತ್ತದೆ. ನಯವಾಗಿ ಎಳೆದ ಪಟ್ಟಿಯು ಒಂದೆಡೆಯಿಂದ ಬೂದಿಯಾಗಿ, ಮತ್ತೊಂದೆಡೆಯಿಂದ ಬೆಳ್ಳಿಯಾಗಿ ಕಾಣುತ್ತದೆ. ಇದಕ್ಕೆ ಅವರು 'ಊತ್ರನ್ವಾರ್' ಎಂದು ಹೆಸರಿಟ್ಟರು. ಕನ್ನಡದಲ್ಲಿ 'ಕಪ್ಪಿನಾಚೆ' ಎನ್ನಬಹುದು. 'ಅತಿಕಪ್ಪು' ಎಂದರೆ ಅರ್ಥ ಕೆಡುತ್ತದೆ.

ಅಮೆರಿಕದ ಆಡ್ ರೈನ್‌ಹಾರ್ಟ್ (1913-1967) ಅವರ ಕಪ್ಪು ಚಿತ್ರಗಳೊಡನೆ ಇವನ್ನು ಒಂದೇ ವರ್ಗಕ್ಕೆ ಸೇರಿಸುವುದು ಸರಿಯಲ್ಲ. ರೈನ್‌ಹಾರ್ಟ್ ಬಣ್ಣದಿಂದ ಎಣ್ಣೆಯನ್ನು ಆದಷ್ಟೂ ಬಸಿದು ತೆಗೆದು, ಮೇಲ್ಮೈಯಲ್ಲಿ ಹೊಳಪೇ ಇಲ್ಲದಂತೆ ಮಾಡಿದರು. ಅಲ್ಲಿ ಕಣ್ಣು ಬಹಳ ಹೊತ್ತು ಕಾದ ಮೇಲೆ ಕಪ್ಪಿನೊಳಗಿನ ಶಿಲುಬೆಯಾಕಾರ ಮೆಲ್ಲನೆ ತೋರುತ್ತದೆ. ಒಬ್ಬರು ಪ್ರತಿಫಲನವನ್ನು ಆಹ್ವಾನಿಸಿದರು, ಇನ್ನೊಬ್ಬರು ಬಹಿಷ್ಕರಿಸಿದರು. ಕೋಂಕ್ ಎಂಬ ಊರಿನ ಮಧ್ಯಯುಗೀನ ಚರ್ಚಿಗೆ ಸೂಲಾಜ್ 1987ರಿಂದ 1994ರವರೆಗೆ ರೂಪಿಸಿದ 104 ಕಿಟಕಿಗಳಲ್ಲಿ ಬಣ್ಣದ ಗಾಜಿಲ್ಲ, ಕಪ್ಪೂ ಇಲ್ಲ. ಬೆಳಕನ್ನು ಚದುರಿಸಿ ಒಳಬಿಡುವ, ಪಾರದರ್ಶಕವಲ್ಲದ ಗಾಜು ಮಾತ್ರ. ಅವರ ಆಸಕ್ತಿ ಯಾವುದರಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ದೂರದ ಅಧ್ಯಯನಕಾರರಿಗೆ ಇಂಥ ಕೃತಿಗಳ ಪರಿಚಯವಾಗುವುದು ಹೆಚ್ಚಾಗಿ ಮುದ್ರಿತ ಚಿತ್ರಫಲಕಗಳಿಂದ. ತೊಡಕು ಇರುವುದು ಇಲ್ಲಿಯೇ. ವರ್ಣಚಿತ್ರದ ಛಾಯಾಗ್ರಹಣದಲ್ಲಿ ಮೇಲ್ಮೈಯ ಹೊಳಪನ್ನು ದೋಷವೆಂದೆಣಿಸಿ, ದೀಪಗಳನ್ನು ಇಕ್ಕೆಲಗಳಲ್ಲಿಟ್ಟು ಅದನ್ನು ನಿವಾರಿಸುವುದು ರೂಢಿ. ಸೂಲಾಜ್ ಅವರ ವಿಷಯದಲ್ಲಿ ಹಾಗೆ ನಿವಾರಣೆಯಾಗುವುದು ಚಿತ್ರವೇ. ಆದ್ದರಿಂದ ಒಂದೇ ಕೃತಿಯನ್ನು ಹಲವು ಕೋನಗಳಿಂದ ತೆಗೆದು, ಬೆಳಕಿನ ದಿಕ್ಕನ್ನೂ ನಮೂದಿಸಿದ ಸಂಪುಟಗಳನ್ನು ಗ್ರಂಥಾಲಯಗಳು ಆಯ್ದುಕೊಳ್ಳುವುದು ಯುಕ್ತ.