ಅಂದಾಜೂ ಕೊಟೇಶನ್ನೂ

ಹೊಳಲ್ಕೆರೆಯ ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಬಡಗಿಯೊಬ್ಬರು ಚೀಟಿಯ ತಲೆಗೆ ‘ಕೊಟೇಶನ್’ ಎಂದು ಬರೆದು ಮೊತ್ತ ಕಾಣಿಸಿದ್ದರು. ಅವರ ಮನಸ್ಸಿನಲ್ಲಿದ್ದುದು ಬರಿಯ ಅಂದಾಜು. ನಡುವೆ ಸಾಗುವಾನಿಯ ಬೆಲೆ ಏರಿತು. ನಾನು ಚೀಟಿಯನ್ನೇ ಹಿಡಿದು ಕುಳಿತೆ. ಅವರು ನಷ್ಟ ನುಂಗಿಕೊಂಡು ಹೋದರು.

ಅಂದಾಜು ಊಹೆ, ಹೆಚ್ಚುಕಡಿಮೆಯಾದೀತು. ಕೊಟೇಶನ್ನಾದರೋ ಇಷ್ಟಕ್ಕೇ ಮಾಡಿಕೊಡುವೆನೆಂಬ ಮಾತು. ಪ್ರಸ್ತಾಪವನ್ನು ಎದುರಿನವನು ಒಪ್ಪಿದೊಡನೆ ಅದು ವಚನವಾಗುತ್ತದೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಬಿಲ್ಲು ಹಣ ಕೇಳುತ್ತದೆ. ರಸೀದಿ ಹಣ ಮುಟ್ಟಿತೆನ್ನುತ್ತದೆ. ಪಾರಸಿಯಲ್ಲಿ ಆ ಶಬ್ದಕ್ಕೆ ‘ತಲುಪಿತು’ ಎಂದೇ ಅರ್ಥವಷ್ಟೆ! 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಯುವುದು ಕ್ಷೇಮ.

ಮರುವರ್ಷ ಅವರೇ ಕಿಟಕಿಯ ಕೆಲಸಕ್ಕೆ ಬಂದರು. ಚೀಟಿಯನ್ನು ನಾನೇ ಬರೆದೆ: ‘ಅಂದಾಜು. ಮರದ ಬೆಲೆ ಏರಿದರೆ ವ್ಯತ್ಯಾಸ ಮನೆಯವರದು.’ ಓದಿ, “ಹಳೆಯ ಬಾಗಿಲಿಗೂ ಒಂದು ಬರೆಯಿರಿ ಸ್ವಾಮಿ” ಎಂದು ನಕ್ಕರು. ಬರೆದುಕೊಟ್ಟೆ.