ಮಗಳ ಕೈಯಲ್ಲಿ ಎಂಥ ಕ್ಯಾಲ್ಕ್ಯುಲೇಟರ್ ಇರಬೇಕು?

ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ ಅನ್ನಿ. ಒಂದು ದಿನ ಹಾಸ್ಟೆಲಿನಿಂದ ಫೋನು: “ಯವ್ವಾ, ನನಗೊಂದು ಹೊಸಾ ಕ್ಯಾಲ್ಕ್ಯುಲೇಟರ್ ಬೇಕು. ಸೂತ್ರ ಎಲ್ಲಾ ಅದರಾಗ ತುಂಬಿ ಇಡಬಹುದಂತ. ಅಪ್ಪಗ ನೀನೇ ಹೇಳು.” ಅಪ್ಪ ದ್ರಾಕ್ಷಿ ತೋಟದಲ್ಲಿ. ಉತ್ತರ ಕೊಡಬೇಕಾದವರು ನೀವು. ನಿಡೋಣಿಯಾಗಲಿ, ತಿಕೋಟಾ ಆಗಲಿ, ಬಬಲೇಶ್ವರ ಆಗಲಿ, ಇಂಥ ಫೋನು ಯಾವ ಮನೆಗಾದರೂ ಬರಬಹುದು. ‘ಇದೆಲ್ಲಾ ನನಗೇನು ತಿಳೀತದ’ ಎಂದು ಕೈಚೆಲ್ಲಬೇಡಿ. ಸ್ವಲ್ಪ ನಿಧಾನವಾಗಿ ನೋಡಿದರೆ ಇದು ನಿಮಗೆ ತಿಳಿಯದ ವಿಷಯವೇನಲ್ಲ.

ಮಿಕ್ಸಿ ಬೇರೆ, ಮಸಾಲೆ ಬೇರೆ

ಅಂಗಡಿಯಲ್ಲಿ ಕೂಡಿಸುವ, ಕಳೆಯುವ ಯಂತ್ರವನ್ನು ನೀವು ನೋಡಿದ್ದೀರಿ. ಕಾಲೇಜಿನ ಮಕ್ಕಳು ಬಳಸುವುದು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್. ವರ್ಗಮೂಲ, ಲಾಗ್, ಸೈನ್, ಕಾಸ್ ಎಲ್ಲವನ್ನೂ ಅದು ಕ್ಷಣದಲ್ಲಿ ಹೇಳುತ್ತದೆ. ಮೂರನೆಯದು ಪ್ರೋಗ್ರಾಮೆಬಲ್. ಲೆಕ್ಕ ಮಾಡುವ ಕ್ರಮವನ್ನೇ ಮೊದಲು ಅದರೊಳಗೆ ಬರೆದಿಟ್ಟರೆ ಸಾಕು. ಆಮೇಲೆ ಅಂಕಿ ಕೊಟ್ಟರೆ ಉತ್ತರ ಹೊರಗೆ. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1974ರಲ್ಲೇ ಎಚ್‌ಪಿ-65 ಎಂಬ ಕೈಯಲ್ಲಿ ಹಿಡಿಯುವ ಇಂಥ ಯಂತ್ರವನ್ನು ಮಾರಾಟಕ್ಕೆ ತಂದಿತ್ತು.

ಎಣಗಾಯಿ ಮಾಡುವ ಪರೀಕ್ಷೆ ಇದೆ ಎಂದುಕೊಳ್ಳಿ. ಮಸಾಲೆ ರುಬ್ಬಲು ಮಿಕ್ಸಿ ಕೊಟ್ಟರೆ ತಪ್ಪೇನಿಲ್ಲ. ಕೈ ನೋವು ಉಳಿಯಿತು, ಅಷ್ಟೆ. ಆದರೆ ಗುರೆಳ್ಳು, ಶೇಂಗಾ, ಖಾರ ಎಲ್ಲ ಹದವಾಗಿ ಬೆರೆಸಿದ ಮಸಾಲೆಯನ್ನೇ ಮನೆಯಿಂದ ಡಬ್ಬಿಯಲ್ಲಿ ತಂದು ಬದನೆಕಾಯಿಗೆ ತುಂಬಿದರೆ? ಅಡುಗೆ ಬರುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಸಾದಾ ಸೈಂಟಿಫಿಕ್ ಯಂತ್ರ ಮಿಕ್ಸಿ ಇದ್ದಂತೆ, ಪ್ರೋಗ್ರಾಮೆಬಲ್ ಯಂತ್ರ ಮಸಾಲೆ ಡಬ್ಬಿ ಇದ್ದಂತೆ. ಸೂತ್ರ ಬರೆದಿಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಕಾಪಿ ಅನ್ನುತ್ತೇವೆ. ಯಂತ್ರದ ಹೊಟ್ಟೆಯಲ್ಲಿಟ್ಟರೆ ಬೇರೆ ಏನನ್ನಬೇಕು?

ಆದ್ದರಿಂದಲೇ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸೈಂಟಿಫಿಕ್ ಯಂತ್ರಕ್ಕೆ ಒಪ್ಪಿಗೆ, ಪ್ರೋಗ್ರಾಮೆಬಲ್‌ಗೆ ಬೇಡಿಕೆ ಇಟ್ಟರೂ ಇಲ್ಲ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಶುರುವಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಇಂಥ ಕಾಲೇಜುಗಳು ಅದರಡಿ ಬಂದವು. ನಿಮ್ಮ ಮಕ್ಕಳು ಬರೆಯುವುದು ಹೆಚ್ಚಾಗಿ ಅದರ ಪರೀಕ್ಷೆಯನ್ನೇ.

ಎದುರು ಮಾತೂ ಉಂಟು

“ನಾಳೆ ಕೆಲಸಕ್ಕೆ ಸೇರಿದರೆ ಎಲ್ಲವೂ ಕಂಪ್ಯೂಟರಿನಲ್ಲೇ ತಾನೆ? ಪರೀಕ್ಷೆಯಲ್ಲಿ ಮಾತ್ರ ಯಾಕೆ ಬೇಡ?” ಎಂದು ಮಕ್ಕಳು ವಾದಿಸುತ್ತಾರೆ. ಅದರಲ್ಲೂ ಹುರುಳಿದೆ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್.ಎ.ಟಿ. ಪರೀಕ್ಷೆಯಲ್ಲಿ 1994ರಿಂದ ಕ್ಯಾಲ್ಕ್ಯುಲೇಟರಿಗೆ ಅವಕಾಶವಿದೆ. ನಮ್ಮಲ್ಲಿ ಸಿ.ಇ.ಟಿ., ನೀಟ್, ಜೆ.ಇ.ಇ. ಮೇನ್‌ಗೆ ಯಾವ ಯಂತ್ರವೂ ಇಲ್ಲ. ಪಿ.ಯು.ಸಿ. ತನಕ ಪೆನ್ನು ಹಿಡಿದೇ ಲೆಕ್ಕ ಮಾಡಿದ ಮಗು ಇಂಜಿನಿಯರಿಂಗಿಗೆ ಬಂದ ಕೂಡಲೆ ಯಂತ್ರದ ಮುಂದೆ ತಬ್ಬಿಬ್ಬಾಗುವುದೂ ಉಂಟು.

ಇನ್ನೊಂದು ಮಾತು. ನಮ್ಮ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವ ಕ್ಯಾಸಿಯೋ ಎಫ್‌ಎಕ್ಸ್-991 ಪ್ರೋಗ್ರಾಮೆಬಲ್ ಅಲ್ಲ. ಆದರೂ ಅದು ಸಮೀಕರಣ ಬಿಡಿಸುತ್ತದೆ, ಮ್ಯಾಟ್ರಿಕ್ಸ್ ಲೆಕ್ಕ ಮಾಡುತ್ತದೆ. ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಸಮಾಧಾನ ಇಷ್ಟೆ: ಅದು ಕೊಡುವುದು ಕೊನೆಯ ಉತ್ತರ ಮಾತ್ರ. ಅಂಕ ಬೀಳುವುದು ಹಂತಗಳಿಗೆ. ಹಂತ ಬರೆಯಬೇಕಾದವಳು ಮಗಳೇ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಪ್ರಯೋಗಶಾಲೆಯಲ್ಲಿ, ಪ್ರಾಜೆಕ್ಟಿನಲ್ಲಿ ಎಂಥ ಯಂತ್ರವಾದರೂ ಬಳಸಲಿ, ಕಲಿಯಲಿ. ಥಿಯರಿ ಪರೀಕ್ಷೆಗೆ ಮಾತ್ರ ಪ್ರೋಗ್ರಾಮೆಬಲ್ ಬೇಡ. ಕಾಪಿಯ ಭಯವೊಂದೇ ಇದಕ್ಕೆ ಕಾರಣವಲ್ಲ. ಸಾದಾ ಸೈಂಟಿಫಿಕ್ ಯಂತ್ರ ಸಾವಿರ, ಒಂದೂವರೆ ಸಾವಿರದಲ್ಲಿ ಬರುತ್ತದೆ. ಪ್ರೋಗ್ರಾಮೆಬಲ್ ಅದರ ಅನೇಕ ಪಟ್ಟು. ಅದಕ್ಕೆ ಒಪ್ಪಿಗೆ ಕೊಟ್ಟರೆ ಬೆಂಗಳೂರಿನ ಉಳ್ಳವರ ಮಗನ ಕೈಗೆ ಅದು ಬರುತ್ತದೆ, ನಿಡೋಣಿಯ ರೈತನ ಮಗಳ ಕೈಗೆ ಬರುವುದಿಲ್ಲ. ಪರೀಕ್ಷೆ ಬುದ್ಧಿಗೋ, ದುಡ್ಡಿಗೋ? ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಯ ಪದ್ಧತಿ ನನಗೆ ಹಿಡಿಸುತ್ತದೆ: ಯಾರೂ ಯಂತ್ರ ತರುವಂತಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ಎಲ್ಲರಿಗೂ ಒಂದೇ ಕ್ಯಾಲ್ಕ್ಯುಲೇಟರ್. ಬಡವ, ಬಲ್ಲಿದ ಎಂಬ ಭೇದವಿಲ್ಲ.

ನೀವು ಮಾಡಬಹುದಾದದ್ದು

* ದುಡ್ಡು ಕಳಿಸುವ ಮುಂಚೆ ಮಾಡೆಲ್ ನಂಬರ್ ಬರೆದು ಕಳಿಸಲು ಹೇಳಿ. ‘ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಇದು ನಡೀತದೇನು ಕೇಳಿದಿಯಾ?’ ಎಂದು ವಿಚಾರಿಸಿ. ಅಂಗಡಿಯವನ ಮಾತು ಸಾಲದು.
* ಪ್ರತಿ ಸಲ ಹಾಲ್ ಟಿಕೆಟಿನ ಸೂಚನೆಗಳನ್ನು ಪೂರ್ತಿ ಓದಲಿ. ಒಪ್ಪಿಗೆಯಿಲ್ಲದ ಯಂತ್ರ ಸಿಕ್ಕರೆ ಅವ್ಯವಹಾರದ ಕೇಸಾಗಬಹುದು. ತುಂಬಿದ ಫೀಸು, ಪಟ್ಟ ಶ್ರಮ ನೀರಲ್ಲಿ ಹೋಮ.
* ಮೊದಲ ಸೆಮಿಸ್ಟರಿಗೇ ಕೊಡಿಸಿ, ಪರೀಕ್ಷೆಯ ಹಿಂದಿನ ವಾರ ಬದಲಿಸಬೇಡಿ. ಕೈಗೆ ಪಳಗದ ಯಂತ್ರ ಹೊಸ ಒಲೆಯ ಹಾಗೆ; ಅವಸರಕ್ಕೆ ಕೈ ಸುಡುತ್ತದೆ.
* ಹಾಲ್‌ನಲ್ಲಿ ಪಕ್ಕದವರಿಂದ ಯಂತ್ರ ಎರವಲು ಪಡೆಯುವುದು ಬೇಡ. ಬ್ಯಾಟರಿಯನ್ನು ಮೊದಲೇ ನೋಡಿಕೊಳ್ಳಲಿ.
* ರಜೆಗೆ ಬಂದಾಗ ನೀವೇ ಒಮ್ಮೆ ಪರೀಕ್ಷಿಸಿ: ಸೈನ್ 30 ಒತ್ತಿಸಿ. 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ. ಬೇರೇನೋ ಬಂದರೆ ಡಿಗ್ರಿಯಲ್ಲಿಲ್ಲ. ಕೋನವನ್ನು ಡಿಗ್ರಿಯಲ್ಲಿ ಕೊಟ್ಟ ಲೆಕ್ಕಗಳೆಲ್ಲ ತಪ್ಪುತ್ತವೆ.

ಕೊನೆಯದಾಗಿ, ಅಂದಾಜು ಕಲಿಸಿ. ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಒಣಗಿದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಒಣದ್ರಾಕ್ಷಿ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ನಾನೂರು ಕೆ.ಜಿ.ಗೆ ಸಾವಿರ ಕೆ.ಜಿ. ಬಂತು ಎಂದು ಯಂತ್ರ ತೋರಿಸಿದರೆ ನೀವು ನಕ್ಕುಬಿಡುತ್ತೀರಿ. ಚುಕ್ಕಿ ಎಲ್ಲೋ ತಪ್ಪಿ ಬಿದ್ದಿದೆ ಎಂದು ನಿಮಗೆ ತಕ್ಷಣ ಹೊಳೆಯುತ್ತದೆ. ಉತ್ತರ ಬರೆಯುವ ಮುಂಚೆ ‘ಇಷ್ಟು ಬರಬಹುದೇ?’ ಎಂದು ಒಮ್ಮೆ ಕೇಳಿಕೊಳ್ಳುವ ಆ ಅಭ್ಯಾಸವನ್ನು ಮಗಳಿಗೆ ಈ ರಜೆಯಲ್ಲೇ ಹಚ್ಚಿರಿ. ಅದನ್ನು ಯಾವ ಪರೀಕ್ಷಾ ಹಾಲ್‌ನವರೂ ಹೊರಗಿಡಿಸಲಾರರು.